ಎಂಟು ಗಂಟೆ ಪಕ್ಕದಲ್ಲಿ ಕೂರೋರು ಯಾರು?

ಈಗಷ್ಟೇ ಮತ್ತೊಂದು ರೀಲ್ ನೋಡಿದೆ. "ಕ್ಯಾನ್ಸರ್ ರೋಗಿಯ ಸಾವಿನ ಭಯಕ್ಕೆ ಒಂದೇ ಡೋಸ್ ಅಣಬೆ!" ಕೆಳಗೊಂದು ಕಾಮೆಂಟು: "ಕೊಡೈಕೆನಾಲ್‌ನಲ್ಲಿ ಸಿಗುತ್ತೆ ಬ್ರೋ." ಕರ್ಮ.

ಅಲ್ರೀ, 2016ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳಲ್ಲಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ 51 ರೋಗಿಗಳಾಗಲಿ, ನ್ಯೂಯಾರ್ಕ್ ವಿಶ್ವವಿದ್ಯಾಲಯದ 29 ರೋಗಿಗಳಾಗಲಿ, ಅಣಬೆ ತಿಂದವರಲ್ಲ. ಅವರಿಗೆ ಕೊಟ್ಟಿದ್ದು ಅಳೆದು ಕ್ಯಾಪ್ಸೂಲಿಗೆ ತುಂಬಿದ ಸೈಲೋಸೈಬಿನ್, ಅಂದರೆ ಆ ಬಗೆಯ ಅಣಬೆಯಲ್ಲಿದ್ದು ಭ್ರಮೆ ಹುಟ್ಟಿಸೋ ರಾಸಾಯನಿಕ. ನ್ಯೂಯಾರ್ಕಿನವರ ಲೆಕ್ಕ ಕೆಜಿಗೆ 0.3 ಮಿಲಿಗ್ರಾಂ, ಅಂದರೆ 60 ಕೆಜಿ ತೂಗೋರಿಗೆ 18. ಹಾಪ್ಕಿನ್ಸ್‌ನವರು 70 ಕೆಜಿಗೆ 30 ಮಿಲಿಗ್ರಾಂನಿಂದ ಶುರುಮಾಡಿದರು. ಅದನ್ನು ತಗೊಂಡ ಮೊದಲ ಮೂವರಲ್ಲಿ ಇಬ್ಬರು ಅಧ್ಯಯನದಿಂದ ಹೊರಬಿದ್ದ ಮೇಲೆ 22ಕ್ಕೆ ಇಳಿಸಿದರು. ಒಬ್ಬರಿಗಂತೂ ನುಂಗಿದ ಸ್ವಲ್ಪ ಹೊತ್ತಿಗೇ ವಾಂತಿ. ವಾಂತಿಯಾದರೆ ಎಷ್ಟು ಒಳಗೆ ಉಳಿಯಿತು, ಎಷ್ಟು ಹೊರಗೆ ಹೋಯಿತು ಅಂತ ಹೇಳೋಕಾಗಲ್ಲ, ಇನ್ನೊಂದು ಕೊಡೋ ಹಾಗೂ ಇಲ್ಲ. ಒಣಗಿಸಿದ ಅಣಬೆಯಲ್ಲಾದರೆ ಒಂದೇ ಕಟ್ಟಿನ ಎರಡು ಅಣಬೆಗಳ ಕಸುವೂ ಸಮ ಇರಲ್ಲ.

ಡೋಸಿನ ಮಾತು ಹಾಗಿರಲಿ. ನನ್ನ ಸಿಟ್ಟು, ಪಕ್ಕದಲ್ಲಿ ಕೂತವರೇ ರೀಲಿನಿಂದ ಮಾಯ ಅನ್ನೋದಕ್ಕೆ.

ಕ್ಯಾಪ್ಸೂಲಿಗೆ ಮುಂಚೆ ಹಲವು ಗಂಟೆ ಮಾತುಕತೆ: ಕಾಯಿಲೆ, ಮನೆ, ಯಾವ ಯೋಚನೆ ರಾತ್ರಿ ಎಬ್ಬಿಸುತ್ತೆ. ಸ್ಕಿಜೋಫ್ರೇನಿಯಾ, ಬೈಪೋಲಾರ್ ಇದ್ದೋರನ್ನ ಸೇರಿಸಲ್ಲ, ಹತ್ತಿರದ ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಇದೆಯಾ ಅಂತಲೂ ವಿಚಾರಿಸ್ತಾರೆ. ಆ ದಿನ ಮನೆಯ ಹಾಲ್‌ನಂಥ ಕೋಣೆ, ಸೋಫಾ, ಕಣ್ಣಿಗೆ ಪಟ್ಟಿ, ಕಿವಿಗೆ ಸಂಗೀತ. ಅರ್ಧ ಮುಕ್ಕಾಲು ಗಂಟೆಗೆ ಔಷಧಿಯ ಪರಿಣಾಮ ಏರೋಕೆ ಶುರು, ಎರಡು ಮೂರು ಗಂಟೆಗೆ ನೆತ್ತಿ, ಇಳಿಯೋಕೆ ಆರು ಗಂಟೆಯಾದರೂ ಬೇಕು. ಅಷ್ಟೂ ಹೊತ್ತು ಅಧ್ಯಯನ ತಂಡದ ಇಬ್ಬರು ಪಕ್ಕದಲ್ಲಿ. ಸುಮ್ಮನೆ ಕಾವಲು ಕಾಯೋಕಲ್ಲ: ಹಾಪ್ಕಿನ್ಸ್‌ನಲ್ಲಿ ದೊಡ್ಡ ಡೋಸಿನ ದಿನ ಮೂವರಲ್ಲಿ ಒಬ್ಬರಿಗೆ ಮೇಲಿನ ಬಿಪಿ 160 ದಾಟಿತ್ತು. ನಾಲ್ವರಲ್ಲಿ ಒಬ್ಬರಿಗೆ ಆತಂಕ. ಹೌದು, ಆತಂಕಕ್ಕೆ ಅಂತ ಕೊಟ್ಟ ಔಷಧಿಯಿಂದಲೇ! ಆಗ ಕೈ ಹಿಡಿದು "ಎದುರಿಗೆ ಬಂದದ್ದನ್ನ ನೋಡಿ, ಓಡಬೇಡಿ" ಅನ್ನೋರು ಬೇಕು. ಅದು ಮುಗಿದ ಮೇಲೆ ಮುಂದಿನ ದಿನಗಳಲ್ಲಿ, ಕಂಡದ್ದನ್ನ ಅವರ ಜತೆಗೇ ಕೂತು ಬಿಡಿಸಬೇಕು.

"ಹೇಗೂ ಸಾಯೋರು, ಏನು ಕೊಟ್ಟರೇನು?" ಅಂತಾರೆ ಕೆಲವರು. ಬೆಂಕಿ ಬೀಳ್ಲಿ ಆ ಮಾತಿಗೆ. ಉಳಿದಿರೋದೇ ಎಂಟು ವಾರ ಆದರೆ, ಕೆಟ್ಟ ಒಂದು ದಿನದ ಬೆಲೆ ಎಷ್ಟು ಅಂತ ಅವರ ಮನೆಯವರನ್ನ ಕೇಳಿ. ಖಿನ್ನತೆಗೆ ಎಸ್ಎಸ್ಆರ್‌ಐ ಮಾತ್ರೆ ನುಂಗ್ತಿರೋರು ರೀಲ್ ನಂಬಿ ದಿಢೀರ್ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು, ಹಳೇ ಆತಂಕ ವಾಪಸ್. ನಿಲ್ಲಿಸದಿದ್ದರೆ ಸೈಲೋಸೈಬಿನ್ನಿನ ಪರಿಣಾಮ ಮಂಕಾಗಬಹುದು.

ಫಲಿತಾಂಶ ಸುಳ್ಳು ಅಂತಿಲ್ಲ. ಹಾಪ್ಕಿನ್ಸ್‌ನಲ್ಲಿ ಆರು ತಿಂಗಳಾದ ಮೇಲೂ ಸುಮಾರು ಶೇ. 80 ಜನರಲ್ಲಿ ಖಿನ್ನತೆ, ಆತಂಕ ಗಣನೀಯವಾಗಿ ಇಳಿದೇ ಇತ್ತು. ಆ ಅಂಕಿ ಕಂಡರೆ ನನಗೂ ಆಸೆ ಚಿಗುರುತ್ತೆ, ಮುಚ್ಚಿಡೋದೇನು. ಆದರೆ ನ್ಯೂಯಾರ್ಕಿನವರು ಹೋಲಿಕೆಗೆ 250 ಮಿಲಿಗ್ರಾಂ ನಯಾಸಿನ್ (ಮುಖಕ್ಕೆ ಬಿಸಿಯೇರಿಸೋ ಒಂದು ವಿಟಮಿನ್) ಕೊಟ್ಟು ಮುಖ ಕೆಂಪೇರಿಸಿದರೂ, ಯಾರಿಗೆ ಯಾವುದು ಸಿಕ್ಕಿದೆ ಅಂತ ಗೊತ್ತಾಗದಿರೋಕೆ ಸಾಧ್ಯವೇ?

ನಮ್ಮಲ್ಲಿ ಮಾದಕವಸ್ತು ತಡೆಯೋ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಸೈಲೋಸೈಬಿನ್ ನಿಷಿದ್ಧ ಅನ್ನೋದು ಬೇರೆ ಕಥೆ. ನನ್ನ ಪ್ರಶ್ನೆ ಕೊಡೈಕೆನಾಲ್ ಬ್ರೋಗೆ: ನೀನು ಕೂರ್ತೀಯಾ? ಬೆಳಗ್ಗೆ ಒಂಬತ್ತಕ್ಕೆ ಬಿಪಿ ಮೆಷಿನ್ ಹಿಡ್ಕೊಂಡು ಬಾ. ವಾಂತಿಗೆ ಬೇಸಿನ್ನೂ ಇರಲಿ. ಸಂಜೆ ಐದರ ತನಕ ಫೋನ್ ಮುಟ್ಟೋ ಹಾಗಿಲ್ಲ.