ಕಾಸರಗೋಡಿಗೆ ಬೈಪಾಸ್ ಬೇಕಿತ್ತೇ?

ಪರ: ಹೆದ್ದಾರಿ ಪೇಟೆಯ ಹೊರಗೇ ಹೋಗಬೇಕಿತ್ತು

ಹೊಸದುರ್ಗವನ್ನು (ಕಾಞಂಗಾಡ್) ನೋಡಿ. ರಾಷ್ಟ್ರೀಯ ಹೆದ್ದಾರಿ ಆ ಪೇಟೆಯೊಳಗೆ ಹೋಗುವುದೇ ಇಲ್ಲ. ಚೆರ್ಕಳ, ತೆಕ್ಕಿಲ್, ಪೆರಿಯ ಎಂದು ಒಳನಾಡಿನಲ್ಲೇ ಸಾಗಿ, ಮೂಡಣದ ಮಾವುಂಗಾಲ್‌ನಲ್ಲಿ ದಾಟಿಬಿಡುತ್ತದೆ. ಪೇಟೆಗೆ ಬರುವವರಿಗೆ ಚಂದ್ರಗಿರಿ ಸೇತುವೆಯ ರಾಜ್ಯ ಹೆದ್ದಾರಿ ಇದೆ. ಅದರಿಂದ ಅಲ್ಲಿನ ವ್ಯಾಪಾರವೇನೂ ಮುಚ್ಚಿಹೋಗಲಿಲ್ಲ ಅಲ್ವಾ?

ಕಾಸರಗೋಡಿಗೆ ಆ ಭಾಗ್ಯ ಸಿಗಲಿಲ್ಲ. ಮೊದಲು 17, ಈಗ 66 ಎಂಬ ನಂಬರಿನ ಹೆದ್ದಾರಿ ಆರು ಪಥವಾಗಿ ಹೊಸ ಬಸ್ ಸ್ಟ್ಯಾಂಡಿನ ಮುಂದೆಯೇ ಹಾದಿದೆ. ಒಂದು ಕಿಲೋಮೀಟರಿಗೂ ಜಾಸ್ತಿ ಉದ್ದದ ಒಂಟಿ ಕಂಬಗಳ ಮೇಲ್ಸೇತುವೆ. ಕಟ್ಟಿದವರ ಕೆಲಸ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಂಗಳೂರಿನಿಂದ ಕೋಝಿಕ್ಕೋಡಿಗೆ ಹೋಗುವ ಗ್ಯಾಸ್ ಟ್ಯಾಂಕರ್‌ಗೆ ನಮ್ಮ ಪೇಟೆಯಲ್ಲಿ ಏನು ಕೆಲಸ? 2012ರ ಆಗಸ್ಟಿನಲ್ಲಿ ಕಣ್ಣೂರಿನ ಚಾಲದಲ್ಲಿ ಮಗುಚಿ ಹೊತ್ತಿಕೊಂಡದ್ದು ಮಂಗಳೂರಿನಿಂದ ಹೊರಟ ಟ್ಯಾಂಕರೇ. ಅಕ್ಕಪಕ್ಕದ ಮನೆಗಳವರು ಸುಟ್ಟು ಸತ್ತರು. ಆ ಸುದ್ದಿ ಕೇಳಿದ ಮೇಲೂ ಪೇಟೆಯ ನಡುವೆಯೇ ಹೆದ್ದಾರಿ ಇಟ್ಟುಕೊಂಡದ್ದು ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ.

ವಿರೋಧ: ಬೈಪಾಸ್ ಎಲ್ಲಿ ಹಾಕುವುದು?

ಪಡುವಣಕ್ಕೆ ರೈಲು ಹಳಿ, ಅದರಾಚೆ ಕಡಲು. ಮೂಡಣಕ್ಕೆ ಮಧುವಾಹಿನಿ ಹೊಳೆ, ಮಧೂರಿನ ಗದ್ದೆ-ತೋಟ, ಮುರಕಲ್ಲಿನ ಗುಡ್ಡ. ಗುಡ್ಡ ಕಡಿದರೆ ಏನಾಗುತ್ತದೆಂದು 2025ರ ಮಳೆಗಾಲದಲ್ಲಿ ಚೆರುವತ್ತೂರಿನ ವೀರಮಲ ಕುಸಿದಾಗ ನಾವೆಲ್ಲ ನೋಡಿದೆವು. ಗದ್ದೆ ತುಂಬಿಸಿದರೆ ಮಳೆನೀರು ಯಾರ ಅಂಗಳಕ್ಕೆ ನುಗ್ಗುತ್ತದೆ? ಚಾಲದಲ್ಲಿ ಸತ್ತವರು ರಸ್ತೆ ಬದಿಯ ಮನೆಗಳವರು. ಬೈಪಾಸ್ ಹಾಕಿದರೆ ಆ ಅಪಾಯ ಪೇಟೆಯಿಂದ ಮಧೂರಿನ ಮನೆಗಳ ಬಾಗಿಲಿಗೆ ಹೋಗುತ್ತದೆ, ಅಷ್ಟೇ.

ಕಾಲದ ಲೆಕ್ಕವೂ ಇದೆ. ತಲಶ್ಶೇರಿ-ಮಾಹಿ ಬೈಪಾಸಿನ ಮಾತು ಶುರುವಾದದ್ದು 1977ರಲ್ಲಿ. 18.6 ಕಿಲೋಮೀಟರಿನ ಆ ರಸ್ತೆ ತೆರೆದದ್ದು 2024ರ ಮಾರ್ಚಿನಲ್ಲಿ. ನಮಗೆ ಅಷ್ಟು ಕಾಯುವ ಪುರುಸೊತ್ತಿಲ್ಲ. ದೊಡ್ಡ ಕಾಯಿಲೆ ಬಂದರೆ ನಮಗೆ ಮಂಗಳೂರೇ ಗತಿ. 2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ನಮ್ಮ ರೋಗಿಗಳು ಪಟ್ಟ ಪಾಡು ಮರೆಯುವಂಥದ್ದಲ್ಲ. ಆಂಬುಲೆನ್ಸ್ ಪೇಟೆಯಿಂದಲೇ ಹೆದ್ದಾರಿ ಹತ್ತಬೇಕು, ಸುತ್ತು ಬಳಸಿ ಅಲ್ಲ.

ಇನ್ನು ಮೇಲ್ಸೇತುವೆ ಪೇಟೆಯನ್ನು ಎರಡು ಹೋಳು ಮಾಡಿತು ಎನ್ನುವವರು ಕೆಳಗೆ ನಿಂತು ನೋಡಲಿ. ಮಣ್ಣು ತುಂಬಿದ ಗೋಡೆಯಾಗಿದ್ದರೆ ಆ ಮಾತು ನಿಜವಾಗುತ್ತಿತ್ತು. ಇಲ್ಲಿ ಇರುವುದು ಕಂಬ. ಆಚೆ-ಈಚೆ ನಡೆದು ದಾಟಲು ಜಾಗ ಉಳಿದಿದೆ.