ತಿಳಿಯಾಗೋದಕ್ಕೆ ಬಿಡಿ

ರಾತ್ರಿ ಹನ್ನೊಂದು ದಾಟಿದೆ. ಬೆಳಿಗ್ಗೆ ತನಕ ಕಾದರೆ ಈ ಕೋಪ ಇಳಿದುಬಿಡುತ್ತೆ, ಆಮೇಲೆ ಎಲ್ಲವನ್ನೂ ಮೆತ್ತಗೆ ಮಾಡಿ ಬರೀತೀನಿ ಅಂತ ಗೊತ್ತು. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಸಂಜೆ ಒಂದು ಶಿಬಿರಕ್ಕೆ ಹೋಗಿದ್ದೆ. ಅಧ್ಯಾತ್ಮದಿಂದ ದಿನನಿತ್ಯದ ಬದುಕಿನಲ್ಲಿ ಆನಂದ ಕಂಡುಕೊಳ್ಳೋದು ಹೇಗೆ ಅನ್ನೋದು ವಿಷಯ. ಕಳೆದ ಮೂರು ವರ್ಷದಿಂದ ನಾನು ಇದನ್ನೇ ಹಿಡಿದುಕೊಂಡು ಕೂತಿದ್ದೀನಿ ಅಂತ ನಿಮಗೆಲ್ಲ ಗೊತ್ತಲ್ಲ, ಹಾಗಾಗಿ ಆಸೆಯಿಂದಲೇ ಹೋದೆ. ಮೊದಲ ಅರ್ಧ ಗಂಟೆ ಚೆನ್ನಾಗಿಯೇ ಇತ್ತು. ಕಣ್ಣು ಮುಚ್ಚಿಸಿ ಉಸಿರಿನ ಮೇಲೆ ಗಮನ ಇಡಿಸಿದರು. ಇನ್ನೂರು ಜನ ಇದ್ದ ಹಾಲ್‌ನಲ್ಲಿ ಫ್ಯಾನ್ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ.

ಆಮೇಲೆ ಪ್ರಶ್ನೆ ಕೇಳೋ ಸಮಯ. ನನ್ನ ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬರು ಎದ್ದು ನಿಂತರು. ನಲವತ್ತರ ಆಸುಪಾಸು ಇರಬಹುದು. "ನಮ್ಮಮ್ಮ ತೀರಿಕೊಂಡು ಮೂರು ತಿಂಗಳಾಯ್ತು. ನೀವು ಹೇಳೋದನ್ನೆಲ್ಲ ಮಾಡ್ತಿದೀನಿ ಸರ್. ಆದ್ರೂ ಬೆಳಿಗ್ಗೆ ಎಚ್ಚರ ಆದ ತಕ್ಷಣ ಎದೆ ಮೇಲೆ ಕಲ್ಲಿಟ್ಟ ಹಾಗಿರುತ್ತೆ. ಏನು ಮಾಡ್ಲಿ?" ಅಂದರು. ಮೈಕ್ ಹಿಡಿದ ಕೈ ಸಣ್ಣಗೆ ನಡುಗುತ್ತಿತ್ತು.

ವೇದಿಕೆ ಮೇಲೆ ಶಿಬಿರ ನಡೆಸುತ್ತಿದ್ದವರು ಕೊಟ್ಟ ಉತ್ತರವನ್ನ ಇದ್ದ ಹಾಗೇ ಬರೆಯುತ್ತೇನೆ. "ದುಃಖ ನಿಮ್ಮ ಆಯ್ಕೆ ಅಮ್ಮಾ. ಆನಂದಾನೂ ನಿಮ್ಮ ಆಯ್ಕೆನೇ. ಈಗ, ಇಲ್ಲೇ, ಆನಂದವನ್ನ ಆರಿಸಿಕೊಳ್ಳಿ. ಎಲ್ಲಿ, ಒಂದ್ಸಲ ನಗಿ ನೋಡೋಣ."

ಹೇಳಿ ಸುಮ್ಮನಾಗಲಿಲ್ಲ, ಕಾದು ನಿಂತರು. ಇಡೀ ಹಾಲ್ ಆಕೆಯ ಕಡೆ ತಿರುಗಿತು. ಆಕೆ ನಕ್ಕರು. ಚಪ್ಪಾಳೆ ಬಿತ್ತು.

ನಾನೂ ತಟ್ಟಿದೆ. ಎರಡು ಸಲ. ಮೂರನೇ ಸಲಕ್ಕೆ ಕೈ ನಿಂತಿತು.

ಆಯ್ಕೆಯಂತೆ! ತಾಯಿ ಹೋದ ಮೂರು ತಿಂಗಳಿಗೆ ಎದೆ ಭಾರ ಆಗೋದು ಆಯ್ಕೆ ಹೇಗಾಗುತ್ತೆ? ಮೂವತ್ತು ನಲವತ್ತು ವರ್ಷದ ಪ್ರೀತಿ ಒಂದು ಬೆಳಿಗ್ಗೆ ಎದ್ದು ಹುಡುಕುತ್ತೆ, ಹುಡುಕಿದವರು ಸಿಗೋದಿಲ್ಲ. ಆ ಭಾರ ಅದು. ಅದನ್ನ ಆಕೆಯ ತಪ್ಪು ಅನ್ನೋ ಹಾಗೆ ಎತ್ತಿ ಆಕೆಯ ತಲೆ ಮೇಲೇ ಇಟ್ಟು, ಮೇಲಿಂದ ನಗು ಅಂದರೆ, ಈಗ ಆಕೆಗೆ ಎರಡು ಹೊರೆ. ಅಮ್ಮ ಇಲ್ಲ ಅನ್ನೋದು ಒಂದು. ಖುಷಿಯಾಗಿರೋಕೆ ತನ್ನ ಕೈಲಿ ಆಗ್ತಿಲ್ಲವಲ್ಲ ಅನ್ನೋದು ಇನ್ನೊಂದು. ಮೊದಲನೆಯದು ಸಹಜ. ಎರಡನೆಯದನ್ನ ಇವತ್ತು ಸಂಜೆ, ಇನ್ನೂರು ಜನರ ಮುಂದೆ, ಆಕೆಗೆ ಕೊಟ್ಟು ಕಳಿಸಿದೆವು.

ಇದಕ್ಕೆ ಅಧ್ಯಾತ್ಮ ಅಂತ ಹೆಸರಿಟ್ಟಿದ್ದು ನನಗೆ ತಡೆಯೋಕಾಗುತ್ತಿಲ್ಲ. ಯಾವ ಅಧ್ಯಾತ್ಮ ಹೀಗೆ ಹೇಳಿದೆ? ಭಗವದ್ಗೀತೆಯ ಮೊದಲ ಅಧ್ಯಾಯದ ಹೆಸರೇ ಅರ್ಜುನ ವಿಷಾದ ಯೋಗ. ಒಬ್ಬ ಮನುಷ್ಯ ಕೈಕಾಲು ಸೋತು ಕುಸಿದು ಕೂತದ್ದಕ್ಕೆ ಯೋಗ ಅಂತ ಹೆಸರು ಕೊಟ್ಟಿದ್ದಾರೆ. ಕೃಷ್ಣನೂ ದುಃಖಪಡಬೇಡ ಅಂದಿಲ್ಲವಾ ಅಂತ ನೀವು ಕೇಳಬಹುದು. ಅಂದಿದ್ದಾನೆ. ಆದರೆ ಅಷ್ಟು ಹೇಳಿ ಚಪ್ಪಾಳೆಗೆ ಕಾಯಲಿಲ್ಲ. 18 ಅಧ್ಯಾಯದ ತನಕ ಜೊತೆಗಿದ್ದು, ಕೇಳಿದ ಪ್ರಶ್ನೆಯನ್ನೇ ತಿರುಗಿಸಿ ಮುರುಗಿಸಿ ಕೇಳಿದರೂ ಉತ್ತರ ಕೊಟ್ಟು, ಕೊನೆಗೆ ಇದನ್ನೆಲ್ಲ ಪೂರ್ತಿ ಯೋಚಿಸಿ ನಿನಗೆ ತೋಚಿದ ಹಾಗೆ ಮಾಡು ಅಂದ. ಬುದ್ಧ ಹೇಳಿದ ನಾಲ್ಕು ಸತ್ಯಗಳಲ್ಲಿ ಮೊದಲನೆಯದೇ ದುಃಖ ಇದೆ ಅನ್ನೋದು. ಇದೆ ಅಂತ ಒಪ್ಪಿಕೊಂಡ ಮೇಲೆ ತಾನೇ ಮುಂದಿನ ಮೂರು?

ಪತಂಜಲಿ ಯೋಗಸೂತ್ರದ ಮೊದಲ ಪಾದದಲ್ಲಿ 33ನೇ ಸೂತ್ರ ಒಂದಿದೆ. ಸುಖವಾಗಿರೋರ ಬಗ್ಗೆ ಮೈತ್ರಿ, ದುಃಖದಲ್ಲಿರೋರ ಬಗ್ಗೆ ಕರುಣೆ, ಒಳ್ಳೆಯದು ಮಾಡೋರನ್ನ ಕಂಡರೆ ಸಂತೋಷ, ಕೆಟ್ಟದ್ದು ಮಾಡೋರ ಬಗ್ಗೆ ಉಪೇಕ್ಷೆ. ಈ ನಾಲ್ಕನ್ನ ಬೆಳೆಸಿಕೊಂಡರೆ ಚಿತ್ತ ಪ್ರಸನ್ನವಾಗುತ್ತೆ ಅನ್ನುತ್ತೆ ಆ ಸೂತ್ರ. ಬೌದ್ಧರಲ್ಲೂ ಬ್ರಹ್ಮವಿಹಾರ ಅಂತ ಇವೇ ನಾಲ್ಕು ಬರುತ್ತವೆ. ದುಃಖದಲ್ಲಿರೋರಿಗೆ ಏನು ಕೊಡಬೇಕು ಅಂತ ಎರಡು ಪರಂಪರೆಗಳೂ ಒಂದೇ ಬಾಯಲ್ಲಿ ಹೇಳಿಬಿಟ್ಟಿವೆ, ಕರುಣೆ ಅಂತ. ಅಪ್ಪಣೆ ಕೊಡಿ ಅಂತ ಎಲ್ಲೂ ಇಲ್ಲ. ಇನ್ನೊಬ್ಬರ ನೋವಿಗೆ ಮನಸ್ಸು ಕರಗೋದೇ ನಮ್ಮ ಪ್ರಸನ್ನತೆಗೆ ಒಂದು ದಾರಿ ಅಂತ ಬೇರೆ ಹೇಳಿವೆ. ಅಂದರೆ ಇವತ್ತು ಆ ಹಾಲ್‌ನಲ್ಲಿ ನಮಗೆಲ್ಲ ಸಿಗಬಹುದಾಗಿದ್ದ ಆನಂದ ಆ ಹೆಂಗಸಿನ ಮಾತು ಕೇಳಿಸಿಕೊಳ್ಳೋದರಲ್ಲೇ ಇತ್ತು. ಎದುರಿಗೇ ಇತ್ತು. ಚಪ್ಪಾಳೆ ತಟ್ಟಿ ಓಡಿಸಿದೆವು.

ಪ್ರಸನ್ನ ಅನ್ನೋ ಪದಕ್ಕೆ ನಾವು ನಗುಮುಖ ಅಂತ ಅರ್ಥ ಮಾಡಿಕೊಂಡುಬಿಟ್ಟಿದ್ದೀವಿ. ಸಂಸ್ಕೃತದಲ್ಲಿ ಕೆಸರು ತಳಕ್ಕೆ ಕೂತು ತಿಳಿಯಾದ ನೀರಿಗೂ ಪ್ರಸನ್ನ ಅನ್ನುತ್ತಾರೆ. ನಮ್ಮ ಕನ್ನಡದಲ್ಲಂತೂ ಇನ್ನೂ ಚೆಂದ. ನೀರು ತಿಳಿ, ಮನಸ್ಸು ತಿಳಿ, ವಿಷಯ ತಿಳಿ. ತಿಳಿಯಾಗೋದಕ್ಕೂ ತಿಳಿಯೋದಕ್ಕೂ ಒಂದೇ ಪದ ಇಟ್ಟುಕೊಂಡಿರೋ ಭಾಷೆ ನಮ್ಮದು. ಬಗ್ಗಡವಾದ ನೀರನ್ನ ತಿಳಿ ಮಾಡೋಕೆ ಕೈ ಹಾಕಿ ಕಲಕೋರು ಯಾರಾದರೂ ಇದ್ದಾರಾ? ಪಾತ್ರೆಯನ್ನ ಒಂದು ಕಡೆ ಇಟ್ಟು ಅಲುಗಾಡಿಸದೆ ಬಿಡ್ತೀವಿ. ಖುಷಿಯಾಗಿರು, ಖುಷಿಯಾಗಿರು ಅಂತ ಒಬ್ಬರ ಹಿಂದೆ ಬೀಳೋದಿದೆಯಲ್ಲ, ಅದು ಕೈ ಹಾಕಿ ಕಲಕೋದು.

ನನಗಿದು ಹೇಗೆ ಗೊತ್ತು ಅಂತ ಹೇಳಿಬಿಡುತ್ತೇನೆ. ಅಪ್ಪ ಹೋದ ವರ್ಷ ನಾನು ಹೇಗಿದ್ದೆ ಅಂತ ನಿಮ್ಮಲ್ಲಿ ಬಹಳ ಜನಕ್ಕೆ ನೆನಪಿರುತ್ತೆ. ದಿನಾ ಬೆಳಿಗ್ಗೆ ಇದೇ ಗೋಡೆ ಮೇಲೆ ಒಂದು ಒಳ್ಳೆಯ ಮಾತು, ಒಂದು ನಗೋ ಫೋಟೊ. "ಎಷ್ಟು ಗಟ್ಟಿಗಿತ್ತಿ ನೀನು" ಅಂತ ನೀವೆಲ್ಲ ಬರೆದಿದ್ದಿರಿ. ನಾನು ಗಟ್ಟಿಗಿತ್ತಿ ಆಗಿರಲಿಲ್ಲ. ಆ ವರ್ಷ ಒಂದು ದಿನವೂ ಅಪ್ಪನ ಕೋಣೆಯ ಬಾಗಿಲು ತೆಗೆದಿರಲಿಲ್ಲ. ತಂಗಿ ಫೋನ್ ಮಾಡಿ ಅತ್ತರೆ "ಅಳಬೇಡ ಕಣೇ, ಪಾಸಿಟಿವ್ ಆಗಿರು" ಅಂತಿದ್ದೆ. ಮೂರ್ನಾಲ್ಕು ಸಲ ಹಾಗಂದ ಮೇಲೆ ಅವಳು ನನ್ನ ಹತ್ತಿರ ಅಳೋದು ಬಿಟ್ಟಳು. ಅವಳು ಸುಧಾರಿಸಿಕೊಂಡಳು ಅಂದುಕೊಂಡೆ. ಅವಳು ನನ್ನ ಹತ್ತಿರ ಅಳೋದನ್ನ ಮಾತ್ರ ಬಿಟ್ಟಿದ್ದಳು.

ಇವತ್ತು ಆ ವೇದಿಕೆ ಮೇಲಿದ್ದವರ ಮೇಲೆ ಇಷ್ಟು ಕೋಪ ಯಾಕೆ ಬಂತು ಅಂದರೆ, ಅವರ ಮಾತನ್ನ ನಾನು ನನ್ನ ಸ್ವಂತ ತಂಗಿಗೆ ಹೇಳಿದ್ದೀನಿ. ಅದಕ್ಕೆ.

ಅಪ್ಪ ಹೋದ ಆ ವರ್ಷ ಕಳೆದ ಮೇಲೆ ನಾನು ಮಾಡಿದ್ದು ಬಹಳ ಸಣ್ಣ ಕೆಲಸ. ರಾತ್ರಿ ಮಲಗೋ ಮುಂಚೆ ದೀಪ ಆರಿಸಿ ಹತ್ತು ನಿಮಿಷ ಕೂತು, ಬೆಳಿಗ್ಗೆಯಿಂದ ಆ ಹೊತ್ತಿನವರೆಗಿನ ದಿನವನ್ನ ಒಂದು ಸಲ ನಡೆದು ಬರೋದು. ಯಾವ ಗಳಿಗೆಯಲ್ಲಿ ಒಳಗೆ ಬಿಗಿದುಕೊಂಡಿತು, ಯಾವಾಗ ಸಡಿಲಾಯಿತು, ಅಷ್ಟೇ. ಸರಿ ಮಾಡೋಕೆ ಹೋಗಬಾರದು. ಇದು ನಾನು ಕಂಡುಹಿಡಿದದ್ದಲ್ಲ. 16ನೇ ಶತಮಾನದಲ್ಲಿ ಲೊಯೋಲದ ಇಗ್ನೇಷಿಯಸ್ ಅನ್ನೋ ಕ್ರೈಸ್ತ ಸಂತ ತನ್ನ ಜೊತೆಗಾರರಿಗೆ ಹೇಳಿಕೊಟ್ಟ ಪರಿಶೀಲನೆ ಹೆಚ್ಚುಕಡಿಮೆ ಹೀಗೇ ಇದೆ, ಕೃತಜ್ಞತೆಯಿಂದ ಶುರುವಾಗಿ ಇಡೀ ದಿನವನ್ನ ಗಂಟೆ ಗಂಟೆಯಾಗಿ ನೋಡೋದು. ಬೇರೆ ಬೇರೆ ಹೆಸರಲ್ಲಿ ಬಹಳ ಕಡೆ ಇದೆ.

ಮೊದಲ ಕೆಲವು ವಾರ ಬರೀ ಕೆಸರೇ ಕಂಡಿತು. ನೋವಿದ್ದರೂ ನಮಗೆ ಯಾರಿಗೂ ಹೇಳದೆ ಮುಚ್ಚಿಟ್ಟರಲ್ಲ ಅಂತ ಅಪ್ಪನ ಮೇಲೇ ಸಿಟ್ಟಿತ್ತು. ಸತ್ತವರ ಮೇಲೆ ಸಿಟ್ಟಾಗೋದು ಪಾಪ ಅಂದುಕೊಂಡು ಅದನ್ನ ಅದುಮಿಟ್ಟು, ಅದರ ಮೇಲೆ ನಗೋ ಫೋಟೊ ಹಾಕುತ್ತಿದ್ದೆ. ಅದು ಸಿಟ್ಟು ಅಂತ ಹೆಸರು ಹಿಡಿದು ನೋಡಿದ ರಾತ್ರಿ ಬಹಳ ಹೊತ್ತು ಅತ್ತೆ. ಮಾರನೇ ದಿನ ಅಪ್ಪನ ಕೋಣೆ ಬಾಗಿಲು ತೆಗೆದೆ.

ಮೇಜಿನ ಡ್ರಾಯರ್‌ನಲ್ಲಿ ಒಂದು ಚೀಟಿ ಇತ್ತು. ಅವರ ಕೈಬರಹ. ಕರೆಂಟ್ ಬಿಲ್. ಕನ್ನಡಕದ ಸ್ಕ್ರೂ. ಮಗಳಿಗೆ ಫೋನ್. ಮೊದಲನೆಯದಕ್ಕೂ ಮೂರನೆಯದಕ್ಕೂ ಎದುರಿಗೆ ಸರಿ ಗುರುತು ಹಾಕಿದ್ದರು. ಕನ್ನಡಕದ ಸ್ಕ್ರೂ ಹಾಗೇ ಉಳಿದಿತ್ತು. ಆ ಫೋನ್ ನೆನಪಿದೆ ನನಗೆ. ಮೀಟಿಂಗ್‌ನಲ್ಲಿದ್ದೀನಿ ಅಪ್ಪಾ, ಆಮೇಲೆ ಮಾಡ್ತೀನಿ ಅಂತ ಇಟ್ಟಿದ್ದೆ. ಅಷ್ಟಕ್ಕೇ ಅವರು ಸರಿ ಗುರುತು ಹಾಕಿದ್ದರು.

ಕನ್ನಡಕ ತಗೊಂಡು ಹೋಗಿ ಸ್ಕ್ರೂ ಹಾಕಿಸಿಕೊಂಡು ಬಂದೆ. ಚೀಟಿಯಲ್ಲಿ ಎರಡನೆಯದಕ್ಕೂ ಗುರುತು ಹಾಕಿದೆ. ಅವತ್ತು ನನಗೆ ಆದದ್ದು ಸಂತೋಷ. ಅದಕ್ಕೆ ಬೇರೆ ಹೆಸರು ನನ್ನ ಹತ್ತಿರ ಇಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಗುತ್ತಿರಲಿಲ್ಲ, ಆದರೂ ಒಳಗೆ ತಿಳಿಯಾಗಿತ್ತು. ಅವತ್ತಿನಿಂದ ಬೇರೆ ಸಣ್ಣ ಪುಟ್ಟವೂ ಕಣ್ಣಿಗೆ ಬೀಳೋಕೆ ಶುರುವಾಯಿತು. ನಾಲ್ಕು ಗಂಟೆ ಬಿಸಿಲು ಗೋಡೆ ಮೇಲೆ ಸರಿಯೋದು. ಒಣಗಿದ ಬಟ್ಟೆ ಮಡಚುವಾಗಿನ ಬಿಸಿ. ತಂಗಿಗೆ ಫೋನ್ ಮಾಡಿ, ಅವಳು ಅತ್ತರೆ ಸುಮ್ಮನೆ ಕೇಳಿಸಿಕೊಳ್ಳೋದು.

ಇನ್ನು ಒಂದು ವಾದ ಬರುತ್ತೆ, ನನಗೆ ಗೊತ್ತು. ಶಿಬಿರದ ಬಾಗಿಲಲ್ಲೇ ಸ್ನೇಹಿತೆಯೊಬ್ಬಳು ಹೇಳಿದಳು: "ನಕ್ಕರೆ ನಿಜಕ್ಕೂ ಮನಸ್ಸು ಹಗುರಾಗುತ್ತೆ ಕಣೇ, ಸೈನ್ಸ್ ಹೇಳುತ್ತೆ." ಆ ಕಥೆಯೂ ಹೇಳಿಬಿಡೋಣ. ಹಲ್ಲಲ್ಲಿ ಪೆನ್ನು ಕಚ್ಚಿಸಿ ಮುಖವನ್ನ ನಗೋ ಆಕಾರಕ್ಕೆ ತಂದರೆ ಕಾರ್ಟೂನ್ ಹೆಚ್ಚು ತಮಾಷೆ ಅನ್ನಿಸುತ್ತೆ ಅಂತ 1988ರಲ್ಲಿ ಒಂದು ಪ್ರಯೋಗ ಬಂತು. 2016ರಲ್ಲಿ 17 ಪ್ರಯೋಗಾಲಯಗಳು ಅದನ್ನೇ ಮತ್ತೆ ಮಾಡಿ ನೋಡಿದಾಗ ಆ ಪರಿಣಾಮ ಕಾಣಿಸಲಿಲ್ಲ. 2022ರಲ್ಲಿ 19 ದೇಶಗಳ 3,878 ಜನರ ಮೇಲೆ ಇನ್ನೂ ದೊಡ್ಡ ಅಧ್ಯಯನ ನಡೆಯಿತು. ಚಿತ್ರದಲ್ಲಿರೋ ನಗುವನ್ನ ಅನುಕರಿಸಿದರೆ ಸ್ವಲ್ಪ ಖುಷಿ ಆಗುತ್ತೆ ಅಂತ ಅದರಲ್ಲಿ ಕಂಡಿತು. ಸರಿ, ಒಪ್ಪಿದೆ. ನಾಳೆ ಬೆಳಿಗ್ಗೆ ಬೇಜಾರಾದರೆ ಕನ್ನಡಿ ಮುಂದೆ ನಕ್ಕು ನೋಡಿ, ಯಾರೂ ಬೇಡ ಅನ್ನಲ್ಲ. ಆದರೆ ಆ ಸ್ವಲ್ಪವನ್ನ ತಾಯಿ ಕಳಕೊಂಡವರ ಪ್ರಶ್ನೆಗೆ ಉತ್ತರ ಅಂತ ಕೊಡೋದು ಹೇಗೆ? 2011ರಲ್ಲಿ ಬಂದ ಇನ್ನೊಂದು ಅಧ್ಯಯನವನ್ನ ಯಾಕೆ ಯಾರೂ ಶಿಬಿರಗಳಲ್ಲಿ ಹೇಳಲ್ಲ? ಖುಷಿ ಎಷ್ಟು ಮುಖ್ಯ ಅಂತ ಮೊದಲೇ ಓದಿಸಿ, ಆಮೇಲೆ ಒಂದು ಖುಷಿಯ ಸಿನಿಮಾ ತುಣುಕು ತೋರಿಸಿದರೆ, ಹಾಗೆ ಓದದೇ ಇದ್ದವರಿಗಿಂತ ಕಡಿಮೆ ಖುಷಿ ಆಯಿತಂತೆ. ಖುಷಿಯಾಗಿರಬೇಕಿತ್ತು, ಆಗ್ತಿಲ್ಲವಲ್ಲ ಅನ್ನೋ ನಿರಾಸೆ ನಡುವೆ ಬಂದು ಕೂರುತ್ತೆ. ಇವತ್ತು ನಮ್ಮ ಎದುರಿಗೇ ಅದು ಆಯಿತು.

ತೈತ್ತಿರೀಯ ಉಪನಿಷತ್ತಿನಲ್ಲಿ ಭೃಗು ತನ್ನ ಅಪ್ಪ ವರುಣನ ಹತ್ತಿರ ಹೋಗಿ ಬ್ರಹ್ಮವನ್ನ, ಅಂದರೆ ಎಲ್ಲದರ ಮೂಲವನ್ನ, ತಿಳಿಸಿಕೊಡು ಅಂತಾನೆ. ಅಪ್ಪ ನೇರವಾಗಿ ಉತ್ತರ ಹೇಳಲ್ಲ. ತಪಸ್ಸು ಮಾಡಿ ನೀನೇ ತಿಳಿದುಕೋ ಅಂತ ಕಳಿಸ್ತಾನೆ. ಮಗ ಅನ್ನ ಅಂತ ಕಂಡುಕೊಂಡು ಬರ್ತಾನೆ, ಮತ್ತೆ ಹೋಗು. ಪ್ರಾಣ, ಮತ್ತೆ ಹೋಗು. ಮನಸ್ಸು, ವಿಜ್ಞಾನ (ಸೈನ್ಸ್ ಅಲ್ಲ, ಅರಿವು), ಪ್ರತಿ ಸಲವೂ ಮತ್ತೆ ಹೋಗು. ಐದನೇ ಸಲಕ್ಕೆ ಆನಂದ. ಮೊದಲ ದಿನವೇ ಮಗನನ್ನ ಎದುರಿಗೆ ನಿಲ್ಲಿಸಿಕೊಂಡು ಆನಂದವಾಗಿರು ಅನ್ನೋದು ವರುಣನಿಗೆ ಕಷ್ಟವಿತ್ತಾ? ಅನ್ನಲಿಲ್ಲ. ಅದು ಹೇಳಿ ಕೊಡೋ ವಸ್ತು ಅಲ್ಲ ಅಂತ ಅವನಿಗೆ ಗೊತ್ತಿತ್ತು.

ಶಿಬಿರ ಮುಗಿದ ಮೇಲೆ ಆ ಹೆಂಗಸನ್ನ ಹುಡುಕಿದೆ. ಮೆಟ್ಟಿಲ ಹತ್ತಿರ ಒಬ್ಬರೇ ನಿಂತಿದ್ದರು. ಏನು ಹೇಳಬೇಕು ಅಂತ ತೋಚಲಿಲ್ಲ. "ನಿಮ್ಮಮ್ಮ ಹೇಗಿದ್ರು?" ಅಂತ ಕೇಳಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ಎಲ್ಲರೂ ಹೇಗೆ ಹೋದ್ರು ಅಂತ ಕೇಳ್ತಾರೆ," ಅಂದರು. ಆಮೇಲೆ ಅರ್ಧ ಗಂಟೆ ನಾವಿಬ್ಬರೂ ಮೆಟ್ಟಿಲ ಮೇಲೆ ಕೂತಿದ್ದೆವು. ಅವರಮ್ಮ ಟೀವಿ ಧಾರಾವಾಹಿಯಲ್ಲಿ ಕೆಟ್ಟವಳು ಬಂದ ತಕ್ಷಣ ಎದ್ದು ನಿಂತು ಅವಳಿಗೆ ಬಯ್ಯುತ್ತಿದ್ದರಂತೆ. ಜಾಹೀರಾತು ಬಂದರೂ ಬಿಡುತ್ತಿರಲಿಲ್ಲವಂತೆ. ಹೇಳ್ತಾ ಹೇಳ್ತಾ ಅವರಿಗೆ ನಗು ಬಂತು. ಎಷ್ಟು ಬಂತು ಅಂದರೆ ಸೆರಗು ಬಾಯಿಗೆ ಒತ್ತಿಕೊಂಡರು. ಅದಾದ ಮೇಲೆ ಅತ್ತರು.

ಈಗ ದೀಪ ಆರಿಸಿ ಕೂರಬೇಕು. ಮೊದಲು ಎದುರಾಗೋದು ಆ ಎರಡು ಚಪ್ಪಾಳೆ ಅಂತ ಗೊತ್ತು.