ಹಿಂದಿನದ್ದಕ್ಕೆಲ್ಲ ‘ವುಡ್ ಹ್ಯಾವ್’ ಒಂದೇ ಸಾಕಾ?

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗಿಗೆ ಬಂದ ಯಾರದಾದರೂ ಇಂಗ್ಲಿಷ್ ನೋಟ್‌ಬುಕ್ ತೆಗೆದು ನೋಡಿ. ಕೆಎಎಸ್, ಪಿಎಸ್ಐ, ಬ್ಯಾಂಕ್, ಪರೀಕ್ಷೆ ಯಾವುದಾದರೂ ಇರಲಿ, ‘ಇಫ್’ ವಾಕ್ಯ ಮೂರೇ ಥರ. ಮೂರನೆಯದು ನಡೆಯದೇ ಹೋದ ಹಳೇ ಸಂಗತಿಗೆ. ಇಫ್ ಜೊತೆ ಹ್ಯಾಡ್, ಕಾಮಾ ಆದ ಮೇಲೆ ವುಡ್ ಹ್ಯಾವ್. ಬಾಯಿಪಾಠ ಮಾಡಿದರೆ ಮುಗೀತು. ನನ್ನ ತಕರಾರು ಇರುವುದು ಇದರ ಮೇಲೆ. ಇದೊಂದನ್ನೇ ಕಲಿತವರು, ನಡೆಯದ ಸಂಗತಿ ನಡೆದಿದ್ದರೆ ಏನಾಗುತ್ತಿತ್ತು ಅಂತ ಕಣ್ಣಾರೆ ಕಂಡವರ ಹಾಗೆ ಬರೆಯುತ್ತಾರೆ.

ನಮ್ಮ ಓಣಿಯ ಹುಡುಗಿಯೊಬ್ಬಳು ಪ್ರಬಂಧ ತಂದು ತೋರಿಸಿದಳು. 1858ರ ನರಗುಂದ ಬಂಡಾಯದ ಮೇಲೆ. ನರಗುಂದದ ಅರಸ ಬಾಬಾಸಾಹೇಬರು, ಮುಂಡರಗಿ ಭೀಮರಾಯರು ಕೂಡಿ ಹೋರಾಡಿದ್ದರೆ ಬ್ರಿಟಿಷರು ‘ವುಡ್ ಹ್ಯಾವ್ ಲಾಸ್ಟ್’ ಅಂತ ಬರೆದಿದ್ದಳು.

“ಖರೇನ ಸೋಲ್ತಿದ್ರೇನವಾ?” ಅಂದೆ.

“ಯಾರಿಗ್ಗೊತ್ತು ಕಾಕಾ. ರೂಲ್ ಹಂಗ ಐತಲ್ರಿ.”

ರೂಲ್ ಹಾಗಿಲ್ಲ. ಆ ಮೇ ತಿಂಗಳ ಕೊನೆಗೆ ಬಾಬಾಸಾಹೇಬರ ಕಡೆಯವರು ಸುರೇಬಾನದಲ್ಲಿ ಬ್ರಿಟಿಷರ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದರು. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಭೀಮರಾಯರು ಕೊಪ್ಪಳ ಕೋಟೆಯಲ್ಲಿ ಹೋರಾಡುತ್ತಲೇ ಸತ್ತರು. ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬರಿಗೆ ಗಲ್ಲು. ಇಬ್ಬರ ಸೈನ್ಯ ಒಂದಾಗಲಿಲ್ಲ, ಅದು ಖಚಿತ. ಒಂದಾಗಿದ್ದರೆ? ಇನ್ನಷ್ಟು ದಿನ ತಡೆದು ನಿಲ್ಲಬಹುದಿತ್ತು. ಗೆಲ್ಲಬಹುದಿತ್ತು, ಸೋಲಲೂಬಹುದಿತ್ತು. ಹಾಗಾಗಿ ಬ್ರಿಟಿಷರ ಬಗ್ಗೆ ಅಲ್ಲಿ ‘ಮೈಟ್ ಹ್ಯಾವ್ ಲಾಸ್ಟ್’ ಬೇಕು. ಇಫ್ ಜೊತೆಗಿನ ಹ್ಯಾಡ್ ಹಾಗೇ ಇರಲಿ. ಬಂಡಾಯದವರಿಗೆ ಗೆಲ್ಲುವ ತಾಕತ್ತು ಇತ್ತು ಅಂತ ಒತ್ತಿ ಹೇಳಬೇಕಾದರೆ ‘ಕುಡ್ ಹ್ಯಾವ್ ವನ್’. ಕಂಪನಿ ಸರ್ಕಾರ ಬಾಬಾಸಾಹೇಬರಿಗೆ ದತ್ತು ತೆಗೆದುಕೊಳ್ಳಲು ಒಪ್ಪಿಗೆ ಕೊಟ್ಟಿದ್ದರೆ ಅವರು ದಂಗೆ ಏಳುತ್ತಿರಲಿಲ್ಲವೇನೋ. ಆ ‘ಏನೋ’ಗೂ ಮೈಟ್ ನಾಟ್ ಹ್ಯಾವ್ ಇದೆ.

ಇದಕ್ಕಿಂತ ಜಾಸ್ತಿ ಎಡವುವ ಜಾಗ ಇನ್ನೊಂದಿದೆ. ಅದು ಆ ಮೂರು ಟೈಪಿನಲ್ಲಿ ಇಲ್ಲವೇ ಇಲ್ಲ. ತಮ್ಮ ಗದಗಿನಿಂದ ಹುಬ್ಬಳ್ಳಿಗೆ ಹೊರಟಿದ್ದಾನೆ, ಫೋನ್ ಹತ್ತುತ್ತಿಲ್ಲ. ಆರು ಗಂಟೆ ಬಸ್ ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ. ಮನೆಯಲ್ಲಿ ಅವ್ವ “ಬಸ್ ಸಿಕ್ಕಿದ್ರ ಇಷ್ಟೊತ್ತಿಗೆ ಮುಟ್ಟಿರ್ತಾನ” ಅನ್ನುತ್ತಾಳೆ. ಬಸ್ ತಪ್ಪಿದ್ದು ಗೊತ್ತಾದ ಮೇಲೆ ಅದೇ ಅವ್ವ “ಸಿಕ್ಕಿದ್ರ ಮುಟ್ಟಿರ್ತಿದ್ದ” ಅನ್ನುತ್ತಾಳೆ. ‘ಸಿಕ್ಕಿದ್ರ’ ಎರಡೂ ಕಡೆ ಒಂದೇ, ಬದಲಾಗಿದ್ದು ಬಾಲ ಮಾತ್ರ. ಇಂಗ್ಲಿಷಿನಲ್ಲಿ ತಲೆಯೂ ಬದಲಾಗಬೇಕು. ಗೊತ್ತಿಲ್ಲದಾಗ ‘ಇಫ್ ಹಿ ಕಾಟ್ ದ ಬಸ್, ಹಿ ವಿಲ್ ಹ್ಯಾವ್ ರೀಚ್ಡ್’. ತಪ್ಪಿದೆ ಅಂತ ಗೊತ್ತಿದ್ದಾಗ ‘ಇಫ್ ಹಿ ಹ್ಯಾಡ್ ಕಾಟ್ ದ ಬಸ್, ಹಿ ವುಡ್ ಹ್ಯಾವ್ ರೀಚ್ಡ್’. ಸುಮ್ನೆ ಅಭ್ಯಾಸಬಲದಿಂದ ಹ್ಯಾಡ್ ಹಾಕಿದಿರೋ, ಪಾಪ, ಅವನ ಬಸ್ ತಪ್ಪಿಸಿದವರು ನೀವೇ. ಕೇಳಿದವರು ಅವನು ಬರಲ್ಲ ಅಂತಲೇ ತಿಳಿಯುತ್ತಾರೆ.

ಮೇ ಹ್ಯಾವ್, ಮೈಟ್ ಹ್ಯಾವ್ ಕಥೆಯೂ ಹಾಗೇ. ಬೈಕ್ ಅಪಘಾತದಲ್ಲಿ ಒಬ್ಬರು ತೀರಿಕೊಂಡಿದ್ದಾರೆ. ಹೆಲ್ಮೆಟ್ ಹಾಕಿದ್ದರೆ ಉಳಿಯುತ್ತಿದ್ದರೇನೋ ಅಂತ ಬರೆಯುವಾಗ ‘ಮೈಟ್ ಹ್ಯಾವ್ ಸರ್ವೈವ್ಡ್’ ಅನ್ನಬೇಕು. ‘ಮೇ ಹ್ಯಾವ್’ ಅಂದರೆ ಬದುಕಿದ್ದಾರೋ ಇಲ್ಲವೋ ಇನ್ನೂ ಗೊತ್ತಿಲ್ಲ ಅನ್ನುವ ಅರ್ಥವೂ ಬರುತ್ತದೆ. ಮನೆಯವರು ಓದಿದರೆ ಹೇಗಾಗಬೇಡ? ಈಗ ಎಷ್ಟೋ ಜನ ಎರಡನ್ನೂ ಒಂದೇ ಅಂತ ಬಳಸುತ್ತಾರೆ ನಿಜ, ಆದರೂ ಇಂಥ ಕಡೆ ನಾನಂತೂ ಒಪ್ಪಲ್ಲ.

‘ಇಫ್ ಐ ವುಡ್ ಹ್ಯಾವ್ ನೋನ್’ ಅನ್ನುವವರಿಗೆ ಒಂದೇ ಮಾತು. ಅಮೆರಿಕದವರು ಮಾತಾಡುವಾಗ ಹಾಗೆ ಅನ್ನುವುದುಂಟು. ಪರೀಕ್ಷೆಯಲ್ಲಿ ಬರೆದರೆ ಮಾರ್ಕ್ಸ್ ಹೋಗುತ್ತದೆ.

ಇಷ್ಟೆಲ್ಲ ಹೇಳಿಕೊಡೋಕೆ ಸಿಲಬಸ್ ಮುಗಿಯಬೇಕಲ್ಲ ಅಂತ ಮೇಷ್ಟ್ರುಗಳು ಅನ್ನಬಹುದು. ಒಂದು ಪೀರಿಯಡ್ ಸಾಕು ಸರ್. ಅವ್ವನ ಆ ಎರಡು ಮಾತು ಬೋರ್ಡ್ ಮೇಲೆ ಬರೆದು, ಯಾವಾಗ ಯಾವುದನ್ನು ಹೇಳುತ್ತಾರೆ ಅಂತ ಕೇಳಿ. ಹುಡುಗರೇ ಹೇಳುತ್ತಾರೆ. ಆಮೇಲೆ ಎದುರಿಗೆ ಇಂಗ್ಲಿಷ್ ವಾಕ್ಯ ಬರೆಯಿರಿ. ಟೈಪ್ ನಂಬರ್ ಕೊನೆಗೆ ಹೇಳಿದರೂ ನಡೆಯುತ್ತದೆ.